ಸರ್ವರ್‌ಗೆ ಹೊಸ ಹೆಸರು: ಪಕ್ಕದ ಮೆಷಿನ್‌ಗೆ ಹೇಳಿದ್ದೀರಾ?

ಲಿನಕ್ಸ್ ಸರ್ವರ್‌ನ ಹೋಸ್ಟ್‌ನೇಮ್ ಬದಲಿಸಿದ ಮೇಲೆ ಬರುವ ದೂರು ಹೆಚ್ಚುಕಡಿಮೆ ಒಂದೇ. "ಪ್ರಾಂಪ್ಟ್‌ನಲ್ಲಿ ಹೊಸ ಹೆಸರು ಕಾಣ್ತಿದೆ ಸಾರ್, ಆದ್ರೆ ಬೇರೆ ಮೆಷಿನ್‌ನಿಂದ ಪಿಂಗ್ ಮಾಡಿದ್ರೆ ಸಿಗ್ತಿಲ್ಲ." ಸಿಗುವುದಾದರೂ ಹೇಗೆ? ಮನೆ ಮುಂದಿನ ಬೋರ್ಡ್ ಬದಲಿಸಿದ ಮಾತ್ರಕ್ಕೆ ಪೋಸ್ಟ್‌ಮ್ಯಾನ್‌ಗೆ ಗೊತ್ತಾಗಲ್ಲ ಅಲ್ವಾ? ಮೆಷಿನ್ ತನ್ನನ್ನು ಏನೆಂದು ಕರೆದುಕೊಳ್ಳುತ್ತದೆ ಅನ್ನುವುದು ಒಂದು. ನೆಟ್‌ವರ್ಕ್ ಅದನ್ನು ಏನೆಂದು ಕರೆಯುತ್ತದೆ ಅನ್ನುವುದು ಇನ್ನೊಂದು.

ಮೊದಲನೆಯದು ಸುಲಭ. ಹೋಸ್ಟ್‌ನೇಮ್‌ಸಿಟಿಎಲ್ ಕಮಾಂಡ್‌ಗೆ ಹೊಸ ಹೆಸರು ಕೊಟ್ಟರೆ ಇಟಿಸಿ ಡೈರೆಕ್ಟರಿಯ ಹೋಸ್ಟ್‌ನೇಮ್ ಫೈಲ್‌ನಲ್ಲಿ ಬರೆದು, ಕರ್ನಲ್‌ಗೂ ತಿಳಿಸುತ್ತದೆ. ರೀಬೂಟ್ ಬೇಡ. ತೆರೆದಿದ್ದ ಟರ್ಮಿನಲ್‌ನಲ್ಲಿ ಹಳೇ ಹೆಸರೇ ಕಂಡರೆ ಗಾಬರಿ ಬೇಡ, ಹೊಸ ಶೆಲ್ ತೆರೆಯಿರಿ. ಕ್ಲೌಡ್ ಮೆಷಿನ್ ಆದರೆ ಮಾತ್ರ ಒಂದು ತಕರಾರು ಇದೆ: ಬೂಟ್ ಆದಾಗ ಮೆಷಿನ್ ಸಜ್ಜು ಮಾಡುವ ಕ್ಲೌಡ್-ಇನಿಟ್ ಹಳೇ ಹೆಸರನ್ನೇ ವಾಪಸ್ ತಂದು ಕೂರಿಸಬಹುದು. ಅದರ ಕಾನ್ಫಿಗ್‌ನಲ್ಲಿ 'ಪ್ರಿಸರ್ವ್ ಹೋಸ್ಟ್‌ನೇಮ್' ಅನ್ನು ಟ್ರೂ ಮಾಡಿಡಿ.

ಜನ ಎಡವುವುದು ಹೋಸ್ಟ್ಸ್ ಫೈಲ್‌ನಲ್ಲಿ, ಅಂದರೆ ಯಾವ ಹೆಸರಿಗೆ ಯಾವ ಐಪಿ ವಿಳಾಸ ಎಂದು ಮೆಷಿನ್‌ನಲ್ಲೇ ಬರೆದಿಡುವ ಪಟ್ಟಿಯಲ್ಲಿ. ಡೆಬಿಯನ್, ಉಬುಂಟುಗಳಲ್ಲಿ 127.0.0.1 ಲೋಕಲ್‌ಹೋಸ್ಟ್‌ಗೆ ಮೀಸಲು. ಅದರ ಕೆಳಗೆ 127.0.1.1 ಎಂದು ಶುರುವಾಗುವ ಸಾಲಿನಲ್ಲಿ ಮೆಷಿನ್‌ನ ಸ್ವಂತ ಹೆಸರು ಇರುತ್ತದೆ. ಇದನ್ನು ಹಾಗೇ ಬಿಟ್ಟು ಹೋಸ್ಟ್‌ನೇಮ್ ಮಾತ್ರ ಬದಲಿಸಿದರೆ, ಎಷ್ಟೋ ಕಡೆ ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸುಡೋ ಹೊಡೆದಾಗಲೆಲ್ಲ 'ಹೋಸ್ಟ್ ರಿಸಾಲ್ವ್ ಆಗ್ತಿಲ್ಲ' ಎಂಬ ಗೊಣಗಾಟ ಬರುತ್ತದೆ. ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್ ಉತ್ತರಿಸದಿದ್ದರೆ ಇನ್ನೂ ಕಷ್ಟ. ಮೆಷಿನ್ ಪರವಾಗಿ ಆ ಸರ್ವರ್‌ನ ಕೇಳುವ ರಿಸಾಲ್ವರ್ ಪ್ರತಿ ಸಲ ಸಾಮಾನ್ಯವಾಗಿ 5 ಸೆಕೆಂಡ್ ಕಾಯುತ್ತದೆ, ನೋಡುವವರಿಗೆ ಸರ್ವರ್ ಹ್ಯಾಂಗ್ ಆದಂತೆ ಕಾಣುತ್ತದೆ. ಹಾಗಾಗಿ ಮೊದಲು ಆ ಸಾಲಿನಲ್ಲಿ ಹಳೇ ಹೆಸರಿನ ಪಕ್ಕ ಹೊಸದನ್ನೂ ಸೇರಿಸಿ, ಆಮೇಲೆ ಹೋಸ್ಟ್‌ನೇಮ್ ಬದಲಿಸಿ. ಹಳೆಯದನ್ನು ನಿಧಾನವಾಗಿ ತೆಗೆದರಾಯಿತು.

ಇನ್ನು ಊರಿಗೆ ತಿಳಿಸುವ ಕೆಲಸ. ಸರ್ವರ್ ಆದರೆ ಡಿಎನ್‌ಎಸ್‌ನಲ್ಲಿ ರೆಕಾರ್ಡ್ ಹಾಕಿ, ಬೇರೆ ದಾರಿ ಹುಡುಕಬೇಡಿ. ಮನೆಯಲ್ಲಿ, ಸಣ್ಣ ಆಫೀಸಿನಲ್ಲಿ ಡಿಎಚ್‌ಸಿಪಿಯಲ್ಲಿ ಐಪಿ ವಿಳಾಸ ಕೇಳುವಾಗಲೇ ಮೆಷಿನ್ ತನ್ನ ಹೆಸರು ಹೇಳುತ್ತದೆ, ಎಷ್ಟೋ ರೂಟರ್‌ಗಳು ಅದನ್ನು ನೆನಪಿಟ್ಟುಕೊಳ್ಳುತ್ತವೆ. ಡಿಎನ್‌ಎಸ್ ಸರ್ವರ್ ಇಲ್ಲದೆಯೇ ಒಳ ನೆಟ್‌ವರ್ಕ್‌ನಲ್ಲಿ ಹೆಸರು ಸಾರುವ ಅವಾಹಿ ಇದ್ದರೆ ಕೊನೆಗೆ 'ಡಾಟ್ ಲೋಕಲ್' ಸೇರಿಸಿಯೂ ಕರೆಯಬಹುದು. ಲ್ಯಾಬ್‌ನಲ್ಲಿ ಒಂದೇ ಡಿಸ್ಕ್‌ನಿಂದ ಕ್ಲೋನ್ ಮಾಡಿ ಹೆಸರು ಬದಲಿಸದೇ ಬಿಟ್ಟರೆ ಅವಾಹಿ ತಾನೇ ಹೆಸರಿನ ಕೊನೆಗೆ 2, 3 ಅಂಟಿಸುತ್ತಾ ಹೋಗುತ್ತದೆ. ಯಾವುದು ಯಾರದು ಅಂತ ಆಮೇಲೆ ಹುಡುಕುತ್ತಾ ಕೂರಬೇಕು.

ಪರೀಕ್ಷೆಗೆ ಡಿಗ್ ಕಮಾಂಡ್ ಒಂದನ್ನೇ ನಂಬಬೇಡಿ. ಅದು ಹೋಸ್ಟ್ಸ್ ಫೈಲ್ ಓದುವುದೇ ಇಲ್ಲ, ನೇರ ಡಿಎನ್‌ಎಸ್ ಸರ್ವರ್ ಕೇಳುತ್ತದೆ. ಹೆಚ್ಚಿನ ಅಪ್ಲಿಕೇಶನ್‌ಗಳು ಹೋಗುವ ದಾರಿಯಲ್ಲೇ ಹೋಗಿ ನೋಡುವುದು ಗೆಟೆಂಟ್ ಕಮಾಂಡ್. ಎರಡರ ಉತ್ತರ ಬೇರೆ ಬಂದರೆ, ಯಾರೋ ಹಿಂದೆ ಹೋಸ್ಟ್ಸ್ ಫೈಲ್‌ನಲ್ಲಿ ಬರೆದು ಮರೆತಿರುವ ಸಾಲು ಸಿಗುವ ಸಾಧ್ಯತೆ ಜಾಸ್ತಿ.

ಹೆಸರಿಡುವಾಗ ಇಂಗ್ಲಿಷ್‌ನ ಸಣ್ಣಕ್ಷರ, ಅಂಕಿ, ಹೈಫನ್ ಮಾತ್ರ ಬಳಸಿ. ಅಂಡರ್‌ಸ್ಕೋರ್ ಬೇಡ. ಲಿನಕ್ಸ್‌ನ ಮಿತಿ 64 ಅಕ್ಷರ, ಡಿಎನ್‌ಎಸ್‌ನಲ್ಲಿ ಒಂದು ಭಾಗಕ್ಕೆ 63. ನಮ್ಮವರಿಗೆ ನದಿ ಹೆಸರು ಇಷ್ಟ. ಚೆನ್ನಾಗಿಯೇ ಇರುತ್ತದೆ, ಆದರೆ ಶರಾವತಿಯ ಕೊನೆಗೆ 'ಟಿ' ಬರೆಯಬೇಕಾ 'ಟಿಎಚ್' ಬರೆಯಬೇಕಾ ಅನ್ನುವ ಜಗಳ ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಬೇಕಾ? ಕನ್ನಡದಲ್ಲೇ ಇಡಬೇಕು ಅನ್ನಿಸಿದರೆ ಹೋಸ್ಟ್‌ನೇಮ್‌ಸಿಟಿಎಲ್‌ನಲ್ಲಿ 'ಪ್ರೆಟಿ' ಎಂಬ ಬೇರೆ ಜಾಗವೇ ಇದೆ. 'ಮಹಡಿ ಮೇಲಿನ ಪ್ರಿಂಟರ್' ಅಂತ ಕನ್ನಡ ಲಿಪಿಯಲ್ಲೇ, ಜಾಗ ಬಿಟ್ಟು ಬರೆಯಬಹುದು.

ಓಡುತ್ತಿರುವ ಸರ್ವರ್‌ನ ಹೆಸರು ಮುಟ್ಟುವ ಮುಂಚೆ ಅದರಲ್ಲಿ ಏನೇನು ಓಡುತ್ತಿದೆ ನೋಡಿ. ರ್‍ಯಾಬಿಟ್‌ಎಂಕ್ಯೂ (ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ಸಾಫ್ಟ್‌ವೇರ್) ತನ್ನ ಡೇಟಾ ಡೈರೆಕ್ಟರಿಗೆ ಸಾಮಾನ್ಯವಾಗಿ ಹೋಸ್ಟ್‌ನೇಮ್ ಸೇರಿಸಿಯೇ ಹೆಸರಿಡುತ್ತದೆ. ಹೋಸ್ಟ್‌ನೇಮ್ ಬದಲಿಸಿ ರೀಸ್ಟಾರ್ಟ್ ಮಾಡಿದರೆ ಹೊಸ ಖಾಲಿ ಡೈರೆಕ್ಟರಿಯಲ್ಲಿ ಎದ್ದು ಕೂರುತ್ತದೆ: ಕ್ಯೂ ಇಲ್ಲ, ಯೂಸರ್ ಇಲ್ಲ. ಡೇಟಾ ಅಳಿಸಿರುವುದಿಲ್ಲ, ಹಳೇ ಡೈರೆಕ್ಟರಿಯಲ್ಲೇ ಇರುತ್ತದೆ. ಕುಬರ್ನೆಟಿಸ್ ನೋಡ್ (ಕಂಟೇನರ್ ಓಡಿಸುವ ಮೆಷಿನ್‌ಗಳ ಗುಂಪಿನಲ್ಲಿ ಒಂದು) ಆದರೆ ಕ್ಲಸ್ಟರ್‌ಗೆ ಗೊತ್ತಿರುವುದು ಸೇರುವಾಗಿನ ಹೆಸರು, ಬದಲಿಸಬೇಕೆಂದರೆ ತೆಗೆದು ಮತ್ತೆ ಸೇರಿಸಬೇಕು. ಇಂಥ ಕಡೆ ಯಾರಾದರೂ ಹೊಸ ಹೆಸರು ಕೇಳಿದರೆ ನಾನು ಹೋಸ್ಟ್‌ನೇಮ್ ಮುಟ್ಟುವುದಿಲ್ಲ. ಡಿಎನ್‌ಎಸ್‌ನಲ್ಲಿ ಒಂದು ಸಿನೇಮ್, ಅಂದರೆ ಅಡ್ಡಹೆಸರು, ಹಾಕಿ, ಆ ಹೆಸರಿನಲ್ಲಿ ಕರೆಯಿರಿ ಅನ್ನುತ್ತೇನೆ. ಎಚ್‌ಟಿಟಿಪಿಎಸ್ ಇದ್ದರೆ ಸರ್ಟಿಫಿಕೇಟ್‌ಗೂ ಅದೇ ಹೆಸರು ಸೇರಿಸಬೇಕು.