ಸಿಡ್ನಿ ಹೇಳಿದ ಹಾಗೆ ರೂಸ್‌ವೆಲ್ಟ್ ಕುಣಿದರಾ?

ಪ್ರಶ್ನೆ: ಅಮೆರಿಕದ ಕಾರ್ಮಿಕ ನಾಯಕ ಸಿಡ್ನಿ ಹಿಲ್ಮನ್ ರಷ್ಯಾದಿಂದ ಬಂದ ಕಮ್ಯುನಿಸ್ಟ್ ಅಂತೆ. ಅಧ್ಯಕ್ಷ ರೂಸ್‌ವೆಲ್ಟ್ ಏನು ಮಾಡಬೇಕಿದ್ದರೂ ‘ಮೊದಲು ಸಿಡ್ನಿಯನ್ನು ಕೇಳಿ’ ಅನ್ನುತ್ತಿದ್ದರಂತೆ. ನಿಜವಾ ಸಾರ್?

ಉತ್ತರ: ಮತ್ತೆ ಬಂತು ನೋಡಿ. ಮೇ ದಿನದ ಬಗ್ಗೆ ಬರೆದರೂ ಇದೇ ಪ್ರಶ್ನೆ, ಕನಿಷ್ಠ ಕೂಲಿಯ ಬಗ್ಗೆ ಬರೆದರೂ ಇದೇ ಪ್ರಶ್ನೆ. ಕೇಳುವವರು ಬೇರೆ ಬೇರೆ, ಆದರೆ ‘ಅಂತೆ’ ಮಾತ್ರ ಅದೇ. ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವನಿಗೆ ಈ ‘ಅಂತೆ’ ಕಂಡರೆ ಕೈಗೆ ಚಾಕ್‌ಪೀಸ್ ಬೇಕು ಅನ್ನಿಸುತ್ತದೆ. ಇರಲಿ. ಇದೊಂದು ಸಲ ಪೂರ್ತಿ ಹೇಳಿಬಿಡುತ್ತೇನೆ. ಮುಂದಿನ ಸಲ ಯಾರಾದರೂ ಕೇಳಿದರೆ ನೀವೇ ಹೇಳಿ.

ಮೊದಲು ಈ ಮನುಷ್ಯ ಯಾರು ಅನ್ನೋದು. ಹುಟ್ಟಿದ್ದು 1887ರಲ್ಲಿ, ಈಗಿನ ಲಿಥುವೇನಿಯಾದ ಝಾಗರೆ ಎಂಬ ಸಣ್ಣ ಊರಲ್ಲಿ. ಆಗ ಅದು ರಷ್ಯಾದ ಝಾರ್ ಚಕ್ರವರ್ತಿಯ ಆಳ್ವಿಕೆಗೆ ಸೇರಿತ್ತು. ಮನೆಯಲ್ಲಿ ಇಟ್ಟ ಹೆಸರು ಸಿಮ್ಹಾ. ಅಪ್ಪ ದವಸದ ವ್ಯಾಪಾರಿ, ಆದರೆ ವ್ಯಾಪಾರಕ್ಕಿಂತ ಪ್ರಾರ್ಥನೆಯಲ್ಲೇ ಮನಸ್ಸು. ಅಮ್ಮ ಸಣ್ಣ ಕಿರಾಣಿ ಅಂಗಡಿ ನಡೆಸಿ ಸಂಸಾರ ತೂಗಿಸಿದವರು. ಹುಡುಗನನ್ನು ಕೊವ್ನೋ ಪಟ್ಟಣದ ಯೆಶಿವಾಕ್ಕೆ ಕಳಿಸಿದರು. ಯೆಶಿವಾ ಅಂದರೆ ಯಹೂದಿಗಳ ಧರ್ಮಶಾಸ್ತ್ರದ ಪಾಠಶಾಲೆ, ನಮ್ಮ ವೇದಪಾಠಶಾಲೆಯ ಹಾಗೆ ಅಂದುಕೊಳ್ಳಿ. ಮಗ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಆಗುತ್ತಾನೆ ಅಂತ ಮನೆಯವರ ಆಸೆ. ಮಗ ಅರ್ಥಶಾಸ್ತ್ರ, ರಾಜಕೀಯದ ಪುಸ್ತಕ ಓದಿ, ಪಾಠಶಾಲೆ ಬಿಟ್ಟು, ಬುಂಡ್ ಎಂಬ ಯಹೂದಿ ಕಾರ್ಮಿಕ ಸಂಘಟನೆ ಸೇರಿದ. ಮೆರವಣಿಗೆ, ಬಂಧನ, ಕೆಲವು ತಿಂಗಳು ಜೈಲು. 1905ರ ಕ್ರಾಂತಿ ಸೋತ ಮೇಲೆ ಅಲ್ಲಿರುವುದು ಕಷ್ಟವಾಯಿತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದ ಬಂಧುಗಳ ಮನೆಗೆ ಹೋಗಿ, ಅಲ್ಲಿಂದ 1907ರಲ್ಲಿ ಅಮೆರಿಕ ತಲುಪಿ, ಷಿಕಾಗೋದಲ್ಲಿ ನೆಲೆ ನಿಂತರು. ಮೊದಲು ಗೋದಾಮಿನಲ್ಲಿ ಕೆಲಸ. ಆಮೇಲೆ ಹಾರ್ಟ್ ಶಾಫ್ನರ್ ಅಂಡ್ ಮಾರ್ಕ್ಸ್ ಎಂಬ ದೊಡ್ಡ ಸೂಟು ಕಂಪನಿಯಲ್ಲಿ ಬಟ್ಟೆ ಕತ್ತರಿಸುವ ಕಟಿಂಗ್ ವಿಭಾಗದಲ್ಲಿ. (ಈ ಮಾರ್ಕ್ಸ್‌ಗೂ ಆ ಮಾರ್ಕ್ಸ್‌ಗೂ ಸಂಬಂಧವಿಲ್ಲ. ಅದನ್ನೂ ಒಬ್ಬರು ಕೇಳಿದ್ದರು.)

ಇಲ್ಲೇ ಮೊದಲ ಎಡವಟ್ಟು ಶುರು. ಬುಂಡ್ ಅಂದ ಕೂಡಲೇ ‘ಓ, ಬೊಲ್ಷೆವಿಕ್’ ಅಂದುಬಿಡುತ್ತಾರೆ. ಬುಂಡ್ ಹುಟ್ಟಿದ್ದು 1897ರಲ್ಲಿ, ವಿಲ್ನಾದಲ್ಲಿ. ಸಮಾಜವಾದಿಗಳು, ಹೌದು. ಆದರೆ ಲೆನಿನ್ ಜೊತೆ ಇವರದು ಮೊದಲಿಂದಲೂ ಜಗಳ. ರಷ್ಯಾದ ಸಮಾಜವಾದಿ ಪಕ್ಷದ 1903ರ ಅಧಿವೇಶನದಲ್ಲಿ ಬುಂಡ್ ಪ್ರತಿನಿಧಿಗಳು ಸಿಟ್ಟು ಮಾಡಿಕೊಂಡು ಎದ್ದು ಹೋದರು. ಅವರು ಮತ್ತು ಇನ್ನಿಬ್ಬರು ಹೊರಗೆ ಹೋದ ಮೇಲೆಯೇ ಲೆನಿನ್ ಗುಂಪಿಗೆ ಬಹುಮತ ಸಿಕ್ಕಿದ್ದು. ‘ಬೊಲ್ಷೆವಿಕ್’ ಅಂದರೆ ಬಹುಮತದವರು ಅಂತಲೇ ಅರ್ಥ. ಅಂದರೆ ಬುಂಡ್‌ನವರು ಸುಮ್ನೆ ಕುರ್ಚಿಯಲ್ಲಿ ಕೂತಿದ್ದರೆ ಬೊಲ್ಷೆವಿಕರಿಗೆ ಆ ಹೆಸರೇ ಬರುತ್ತಿರಲಿಲ್ಲ! ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಈಗ ಆ ಪ್ರಸಿದ್ಧ ವಾಕ್ಯಕ್ಕೆ ಬರೋಣ. ‘ಸಿಡ್ನಿ ಜೊತೆ ಮಾತಾಡಿ ಒಪ್ಪಿಗೆ ತಗೊಳ್ಳಿ.’ ಇದನ್ನು ರೂಸ್‌ವೆಲ್ಟ್ ಹೇಳಿದರು ಅನ್ನುವುದಕ್ಕೆ ಆಧಾರ ಏನು? 1944ರ ಜುಲೈ 25ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಆರ್ಥರ್ ಕ್ರಾಕ್ ಬರೆದ ಅಂಕಣ. ದಿನಾಂಕ ಗಮನಿಸಿ. ಚುನಾವಣೆಗೆ ಅಭ್ಯರ್ಥಿಗಳನ್ನು ಆರಿಸುವ, ರೂಸ್‌ವೆಲ್ಟರ ಡೆಮಾಕ್ರಟಿಕ್ ಪಕ್ಷದ ಷಿಕಾಗೋ ಸಮಾವೇಶ ಜುಲೈ 21ಕ್ಕೇ ಮುಗಿದು, ಜನ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋಗಿಯಾಗಿತ್ತು. ರೂಸ್‌ವೆಲ್ಟ್ ಈ ಮಾತನ್ನು ಪಕ್ಷದ ಅಧ್ಯಕ್ಷ ರಾಬರ್ಟ್ ಹ್ಯಾನೆಗನ್‌ಗೆ ಹೇಳಿದರು ಎಂದು ಕ್ರಾಕ್ ಬರೆದರು. ಹ್ಯಾನೆಗನ್ ಅದನ್ನು ಅಲ್ಲಗಳೆದರು. ಕೇಳಿದವರು ಎನ್ನಲಾದವರೇ ಇಲ್ಲ ಅಂದರು, ಬರೆದವರು ಆ ಹೊತ್ತಿಗೆ ಅಲ್ಲಿರಲಿಲ್ಲ. ನಮ್ಮ ಅರಳಿಕಟ್ಟೆಯಲ್ಲೂ ಇಂಥ ಮಾತಿಗೆ ಇನ್ನೊಬ್ಬ ಸಾಕ್ಷಿ ಕೇಳುತ್ತಾರೆ, ಅಲ್ವಾ?

ಆದರೂ ವಾದಕ್ಕೆ ಒಪ್ಪೋಣ. ರೂಸ್‌ವೆಲ್ಟ್ ಅಂಥದ್ದೇನೋ ಅಂದಿರಬಹುದು. ಆದರೆ ಯಾವುದರ ಬಗ್ಗೆ? ‘ಎಲ್ಲದರ’ ಬಗ್ಗೆಯಂತೂ ಅಲ್ಲ, ಉಪಾಧ್ಯಕ್ಷ ಯಾರಾಗಬೇಕು ಅನ್ನುವ ಒಂದೇ ವಿಷಯದ ಬಗ್ಗೆ. ಆಗ ಉಪಾಧ್ಯಕ್ಷರಾಗಿದ್ದವರು ಹೆನ್ರಿ ವ್ಯಾಲೇಸ್. ಪಕ್ಷದ ದೊಡ್ಡವರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಅವರ ಜಾಗಕ್ಕೆ ಕಾದಿದ್ದವರು ಸೌತ್ ಕೆರೊಲಿನಾದ ಜೇಮ್ಸ್ ಬರ್ನ್ಸ್. ಮಿಸೌರಿಯ ಸೆನೆಟರ್ ಹ್ಯಾರಿ ಟ್ರೂಮನ್ ಬರ್ನ್ಸ್ ಪರವಾಗಿ ಮಾತಾಡಲು ಹಿಲ್ಮನ್ ಜೊತೆ ಬೆಳಗಿನ ತಿಂಡಿಗೆ ಕೂತರು. ಬರ್ನ್ಸ್ ಆಗಲ್ಲ ಅಂದರು ಹಿಲ್ಮನ್. ತಮ್ಮ ಮೊದಲ ಆಯ್ಕೆ ವ್ಯಾಲೇಸ್, ಅವರು ಆಗದಿದ್ದರೆ ಇಗೋ ಎದುರಿಗೆ ಕೂತಿರುವವರೇ ಆಗಬಹುದು ಅನ್ನುವ ಅರ್ಥದಲ್ಲಿ ಹೇಳಿದರಂತೆ. ಇದನ್ನು ಮುಂದೆ ಹೇಳಿಕೊಂಡವರು ಟ್ರೂಮನ್ನರೇ.

ಸರಿ, ಈಗ ಲೆಕ್ಕ ಹಾಕಿ. ಹಿಲ್ಮನ್ ಹೇಳಿದ್ದೇ ಆಗುವ ಹಾಗಿದ್ದರೆ ವ್ಯಾಲೇಸ್ ಗೆಲ್ಲಬೇಕಿತ್ತು. ಸಮಾವೇಶದ ಮೊದಲ ಸುತ್ತಿನ ಮತದಾನದಲ್ಲಿ ವ್ಯಾಲೇಸ್‌ಗೆ 429.5 ಮತ, ಟ್ರೂಮನ್‌ಗೆ 319.5. (ಅರ್ಧ ಮತ ಹೇಗೆ ಅಂತ ಕೇಳಬೇಡಿ, ಅದಕ್ಕೆ ಇನ್ನೊಂದು ಲೇಖನ ಬೇಕು.) ಎರಡನೇ ಸುತ್ತಿನಲ್ಲಿ ದೊಡ್ಡ ದೊಡ್ಡ ನಗರಗಳ ಪಕ್ಷದ ಯಜಮಾನರು ಟ್ರೂಮನ್ ಕಡೆ ವಾಲಿದರು, ವ್ಯಾಲೇಸ್ ಸೋತರು. ಬರ್ನ್ಸ್‌ಗೆ ಅಡ್ಡಗಾಲು ಹಾಕಿದವರು ಹಿಲ್ಮನ್ ಒಬ್ಬರೇ ಅಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಪಕ್ಷದ ಯಜಮಾನರಾಗಿದ್ದ ಎಡ್ ಫ್ಲಿನ್ ಕೂಡ ಬೇಡವೇ ಬೇಡ ಅಂದಿದ್ದರು, ವರ್ಣಭೇದದ ಪರ ಇದ್ದ ಬರ್ನ್ಸ್ ಬಂದರೆ ಕರಿಯರ ಮತ ಕೈಬಿಟ್ಟು ಹೋಗುತ್ತದೆ ಅಂತ. ಫ್ಲಿನ್ ಐರಿಷ್ ಮೂಲದ ಕ್ಯಾಥೊಲಿಕ್. ಅವರ ಹೆಸರಲ್ಲಿ ಯಾರೂ ಘೋಷಣೆ ಮಾಡಲಿಲ್ಲ, ಬೋರ್ಡು ಹಾಕಲಿಲ್ಲ. ಬೋರ್ಡು ಹಾಕಿದ್ದು ಹಿಲ್ಮನ್ ಹೆಸರಲ್ಲಿ ಮಾತ್ರ.

ಆ ಬೋರ್ಡಿನ ಕಥೆ ಕೇಳಿ. 1944ರ ಚುನಾವಣೆಯಲ್ಲಿ ಎದುರು ಪಕ್ಷವಾದ ರಿಪಬ್ಲಿಕನ್ನರ ಪ್ರಚಾರದ ಬೋರ್ಡು ಹೀಗಿತ್ತು: ಸಿಡ್ನಿ ಹಿಲ್ಮನ್ ಮತ್ತು ಅರ್ಲ್ ಬ್ರೌಡರ್‌ನ ಕಮ್ಯುನಿಸ್ಟರು ಮತಪಟ್ಟಿಗೆ ಹೆಸರು ಸೇರಿಸಿಯಾಗಿದೆ, ನೀವು ಸೇರಿಸಿದಿರಾ? ಬ್ರೌಡರ್ ಅಮೆರಿಕದ ಕಮ್ಯುನಿಸ್ಟರ ನಾಯಕ, ಕಾನ್ಸಸ್‌ನಲ್ಲಿ ಹುಟ್ಟಿದವರು. ಅವರ ಹೆಸರಿನ ಪಕ್ಕದಲ್ಲಿ ಹಿಲ್ಮನ್ ಹೆಸರು ಇಟ್ಟರೆ ಸಾಕು, ಉಳಿದದ್ದನ್ನು ಓದುವವರೇ ತುಂಬಿಕೊಳ್ಳುತ್ತಿದ್ದರು. ಹೊರಗಿನವನು, ಯಹೂದಿ, ರಷ್ಯಾದವನು, ಕೆಂಪು. ‘ಯಹೂದಿ’ ಅಂತ ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ಎಲ್ಲಿ ಹುಟ್ಟಿದವನು ಅಂತ ಮತ್ತೆ ಮತ್ತೆ ನೆನಪಿಸಿದರೆ ಆಯಿತು. ನೀವು ನನಗೆ ಕಳಿಸುವ ‘ಅಂತೆ’ ಇದೆಯಲ್ಲ, ಅದು ಆ ಬೋರ್ಡಿನಿಂದ ಇಳಿದು ಬಂದದ್ದು. ಚುನಾವಣೆಯಲ್ಲಿ ಅದು ಕೆಲಸ ಮಾಡಲಿಲ್ಲ ಅನ್ನೋದು ಬೇರೆ ಮಾತು. ಅಮೆರಿಕದಲ್ಲಿ ಅಧ್ಯಕ್ಷರನ್ನು ತೀರ್ಮಾನಿಸುವ ಚುನಾಯಕ ಮತಗಳಲ್ಲಿ ರೂಸ್‌ವೆಲ್ಟ್‌ಗೆ 432, ಎದುರಾಳಿಗೆ 99.

‘ಹಾಗಾದರೆ ಲೆನಿನ್ ಅವರನ್ನು ಭೇಟಿಯಾಗಿದ್ದು?’ ಹೌದು, 1921ರಲ್ಲಿ ಭೇಟಿಯಾದರು. ರಷ್ಯಾದ ಬಟ್ಟೆ ಕಾರ್ಖಾನೆಗಳನ್ನು ಎಬ್ಬಿಸಲು ಒಂದು ಕಂಪನಿಯನ್ನೂ ಮಾಡಿದರು, ತಮ್ಮ ಹೊಲಿಗೆ ಕಾರ್ಮಿಕರ ಯೂನಿಯನ್ನಿನ ಸದಸ್ಯರಿಗೆ ಹತ್ತು ಡಾಲರಿನ ಷೇರು ಮಾರಿದರು. ಬರಗಾಲದಲ್ಲಿ ಬಿದ್ದಿದ್ದ ರಷ್ಯಾದ ಜನಕ್ಕೆ ನೆರವು ಅನ್ನುವ ಭಾವನೆಯೂ ಅದರಲ್ಲಿತ್ತು. ಒಪ್ಪುತ್ತೇನೆ, ಸೋವಿಯತ್ ರಷ್ಯಾದ ಬಗ್ಗೆ ಆಗ ಅವರಿಗೆ ಜಾಸ್ತಿಯೇ ಆಸೆ ಇತ್ತು. ಆದರೆ ಅದೇ ದಶಕದಲ್ಲಿ ತಮ್ಮ ಯೂನಿಯನ್ನಿನೊಳಗಿನ ಕಮ್ಯುನಿಸ್ಟರ ಜೊತೆ ಕಚ್ಚಾಡಿ ಅವರನ್ನು ಬದಿಗೆ ಸರಿಸಿದವರೂ ಇವರೇ.

ಇನ್ನೂ ಅನುಮಾನ ಇದ್ದರೆ 1941ಕ್ಕೆ ಬನ್ನಿ. ಕ್ಯಾಲಿಫೋರ್ನಿಯಾದ ಇಂಗಲ್‌ವುಡ್‌ನಲ್ಲಿ ನಾರ್ತ್ ಅಮೆರಿಕನ್ ಏವಿಯೇಷನ್ ಎಂಬ ವಿಮಾನ ಕಾರ್ಖಾನೆ. ಅಲ್ಲಿ ಮುಷ್ಕರ, ಮುಂದಾಳುಗಳಲ್ಲಿ ಕಮ್ಯುನಿಸ್ಟರ ಜೊತೆಯವರು. ಜೂನ್ 9ರಂದು ರೂಸ್‌ವೆಲ್ಟ್ ಸೈನ್ಯ ಕಳಿಸಿದರು. ಬಂದೂಕು ಹಿಡಿದ ಸೈನಿಕರು ಮುಷ್ಕರ ಮುರಿದರು. ಆಗ ಹಿಲ್ಮನ್ ಸರ್ಕಾರದ ರಕ್ಷಣಾ ಉತ್ಪಾದನೆಯ ಕಚೇರಿಯಲ್ಲಿ ಎರಡನೇ ಸ್ಥಾನದಲ್ಲಿದ್ದರು. ಅವರು ಆ ಕ್ರಮವನ್ನು ಬೆಂಬಲಿಸಿದರು. ಕಾರ್ಮಿಕ ನಾಯಕ, ಕಾರ್ಮಿಕರ ಮೇಲೆ ಸೈನ್ಯ ಕಳಿಸಲು ಹೂಂ ಅಂದವರು. ನನ್ನನ್ನು ಕೇಳಿದರೆ ಅವರ ಬದುಕಿನಲ್ಲಿ ನಿಜವಾಗಿ ಪ್ರಶ್ನೆ ಮಾಡಬೇಕಾದ್ದು ಇದನ್ನು. ಅದರ ಬಗ್ಗೆ ಇವತ್ತಿನವರೆಗೆ ನನಗೆ ಒಂದೇ ಒಂದು ಪತ್ರ ಬಂದಿಲ್ಲ.

ಪುಕಾರಿನಲ್ಲಿ ಸತ್ಯದ ಚೂರು ಇಲ್ಲವೇ ಇಲ್ಲ ಅಂತಲೂ ಹೇಳಲಾರೆ. 1944ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ಲೇಬರ್ ಪಾರ್ಟಿಯ ಹಿಡಿತಕ್ಕಾಗಿ ಹಿಲ್ಮನ್ ಕಮ್ಯುನಿಸ್ಟರ ಜೊತೆ ಕೈಜೋಡಿಸಿದರು. ಅದಕ್ಕೆ ಸಿಟ್ಟಾಗಿ ಡೇವಿಡ್ ಡುಬಿನ್ಸ್ಕಿ ಹೊರಗೆ ಬಂದು ಲಿಬರಲ್ ಪಾರ್ಟಿ ಕಟ್ಟಿದರು. ಡುಬಿನ್ಸ್ಕಿಯೂ ಯಹೂದಿ, ಅವರೂ ಬುಂಡ್, ಅವರೂ ಝಾರ್ ಕಾಲದ ಜೈಲು ಕಂಡು ಸೈಬೀರಿಯಾದ ಗಡೀಪಾರಿನಿಂದ ತಪ್ಪಿಸಿಕೊಂಡು ಬಂದವರು, ಹೆಂಗಸರ ಉಡುಪು ಹೊಲಿಯುವವರ ಯೂನಿಯನ್ನಿನ ಅಧ್ಯಕ್ಷ, ಕಮ್ಯುನಿಸ್ಟರ ಹೆಸರೆತ್ತಿದರೆ ಉರಿದು ಬೀಳುತ್ತಿದ್ದ ಮನುಷ್ಯ. ಒಂದೇ ಕುಲುಮೆಯಿಂದ ಬಂದ ಇಬ್ಬರು, ಹೀಗೆ ಎರಡು ದಾರಿ. ‘ಯಹೂದಿ ಕಾರ್ಮಿಕ ನಾಯಕರೆಲ್ಲ ಕಮ್ಯುನಿಸ್ಟರು’ ಅನ್ನುವವರು ಇವರನ್ನು ಯಾವ ಡಬ್ಬಿಯಲ್ಲಿ ಹಾಕುತ್ತಾರೋ ನೋಡೋಣ.

ಇಷ್ಟೆಲ್ಲಾ ಗಲಾಟೆಯಲ್ಲಿ ಅವರು ಮಾಡಿದ ಕೆಲಸವೇ ಮರೆತುಹೋಗುತ್ತದೆ. 1914ರಲ್ಲಿ ಗಂಡಸರ ಉಡುಪು ಹೊಲಿಯುವವರು ಹಳೆಯ ಯೂನಿಯನ್ನಿನಿಂದ ಸಿಡಿದು ಬಂದು ಅಮಾಲ್ಗಮೇಟೆಡ್ ಕ್ಲೋದಿಂಗ್ ವರ್ಕರ್ಸ್ ಕಟ್ಟಿದಾಗ ಅಧ್ಯಕ್ಷರಾದವರು ಹಿಲ್ಮನ್. ವಯಸ್ಸು 27. ಸಾಯುವ ತನಕ ಅವರೇ ಅಧ್ಯಕ್ಷ. ಯೂನಿಯನ್ ಅಂದರೆ ಮುಷ್ಕರ, ಧಿಕ್ಕಾರ ಅಷ್ಟೇ ಅಂತ ತಿಳಿದವರು ಇದನ್ನು ಕೇಳಿ. ಇವರ ಯೂನಿಯನ್ 1922ರಲ್ಲಿ ಷಿಕಾಗೋದಲ್ಲಿ, 1923ರಲ್ಲಿ ನ್ಯೂಯಾರ್ಕಿನಲ್ಲಿ ಬ್ಯಾಂಕ್ ತೆರೆಯಿತು. ಆ ನ್ಯೂಯಾರ್ಕಿನ ಬ್ಯಾಂಕ್ ಈಗಲೂ ಇದೆ. 1927ರಲ್ಲಿ ಬ್ರಾಂಕ್ಸ್‌ನಲ್ಲಿ ಸದಸ್ಯರಿಗೆ ಸಹಕಾರಿ ವಸತಿ ಸಮುಚ್ಚಯ ಶುರುವಾಯಿತು, ಅದೂ ಇದೆ. ಷಿಕಾಗೋದಲ್ಲಿ ಸರ್ಕಾರಕ್ಕಿಂತ ಮೊದಲೇ, 1923ರಲ್ಲಿ, ಮಾಲೀಕರ ಜೊತೆ ಸೇರಿ ನಿರುದ್ಯೋಗ ವಿಮೆ ಮಾಡಿಸಿದರು. 1938ರಲ್ಲಿ ಅಮೆರಿಕಕ್ಕೆ ಗಂಟೆಗೆ 25 ಸೆಂಟ್ ಕನಿಷ್ಠ ಕೂಲಿಯ ಕಾನೂನು ಬಂದಾಗ ಅದಕ್ಕಾಗಿ ಓಡಾಡಿದವರಲ್ಲಿ ಇವರು ಮುಂದೆ ಇದ್ದರು. ಶಾಸನಸಭೆಗೆ ಆರಿಸಿ ಹೋದವರಲ್ಲ. ಆದರೆ 1943ರಲ್ಲಿ ಸಿಐಒ ಎಂಬ ಕಾರ್ಮಿಕ ಒಕ್ಕೂಟಕ್ಕೆ ರಾಜಕೀಯ ಸಮಿತಿ ಕಟ್ಟಿ, ಮನೆ ಮನೆಗೆ ಹೋಗಿ ಕಾರ್ಮಿಕರ ಹೆಸರು ಮತಪಟ್ಟಿಗೆ ಸೇರಿಸುವ ಕೆಲಸ ಮಾಡಿದರು. ಎದುರಾಳಿಗಳು ಹೆದರಿದ್ದು ಇದಕ್ಕೆ. ಮಾಸ್ಕೋ ನೆಪ ಅಷ್ಟೇ. 1946ರ ಜುಲೈ 10ರಂದು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 59.

ಈಗ ಯಾರೂ ಕೇಳದ ಪ್ರಶ್ನೆಯೊಂದನ್ನು ನಾನೇ ಕೇಳಿಕೊಳ್ಳುತ್ತೇನೆ. ಇವರನ್ನು ನಾಯಕ ಮಾಡಿದ್ದು 1910ರಲ್ಲಿ ಷಿಕಾಗೋದ ಹೊಲಿಗೆ ಕಾರ್ಮಿಕರ ಮುಷ್ಕರ. ಅದನ್ನು ಶುರು ಮಾಡಿದ್ದು ಯಾರು?

ಹಿಲ್ಮನ್ ಅಲ್ಲ. ಹುಡುಗಿಯರ ಒಂದು ಸಣ್ಣ ಗುಂಪು. ಅದರ ಮುಂದಾಳುಗಳಲ್ಲಿ ಒಬ್ಬಳು ಬೆಸ್ಸಿ ಅಬ್ರಮೊವಿಟ್ಜ್. ಇಪ್ಪತ್ತರ ಆಸುಪಾಸು. ಈಗಿನ ಬೆಲಾರಸ್‌ನ ಹಳ್ಳಿಯವಳು. ಮದುವೆ ದಲ್ಲಾಳಿ ಗಂಡು ಗೊತ್ತುಮಾಡುವ ಮೊದಲೇ ಅಮೆರಿಕಕ್ಕೆ ಬಂದವಳು. ಅದೇ ಕಂಪನಿಯಲ್ಲಿ ಪ್ಯಾಂಟು ಹೊಲಿಯುವ ಕೆಲಸ, ಪೀಸ್ ರೇಟ್ ಲೆಕ್ಕ. ಒಂದು ದಿನ ಪೀಸಿಗೆ ನಾಲ್ಕು ಸೆಂಟ್ ಇದ್ದದ್ದನ್ನು ಮೂರೂಮುಕ್ಕಾಲಿಗೆ ಇಳಿಸಿದರು. ಕಾಲು ಸೆಂಟ್ ತಾನೇ ಅಂತ ಅನ್ನಿಸುವುದು ಪೀಸ್ ರೇಟಿನಲ್ಲಿ ಕೆಲಸ ಮಾಡದವರಿಗೆ ಮಾತ್ರ. ಸೆಪ್ಟೆಂಬರ್ 22ರಂದು ಬೆಸ್ಸಿ ಮತ್ತು ಹದಿನೈದು ಹದಿನಾರು ಹುಡುಗಿಯರು ಮಷಿನ್ ಬಿಟ್ಟು ಎದ್ದರು. ಗಂಡಸರು ನಕ್ಕರು. ಕೆಲವು ವಾರಗಳಲ್ಲಿ ಷಿಕಾಗೋದ ಸುಮಾರು 40,000 ಹೊಲಿಗೆ ಕೆಲಸದವರು ಬೀದಿಯಲ್ಲಿದ್ದರು. ಹಿಲ್ಮನ್ ಮೊದಲ ದಿನ ಎದ್ದವರಲ್ಲ, ಆಮೇಲೆ ಸೇರಿಕೊಂಡವರು. 1911ರ ಜನವರಿಯಲ್ಲಿ ಕಂಪನಿ ಪಂಚಾಯ್ತಿಗೆ ಒಪ್ಪಿತು. ಕಾರ್ಮಿಕರ ಪರವಾಗಿ ಕೂತವರು ವಕೀಲ ಕ್ಲಾರೆನ್ಸ್ ಡ್ಯಾರೋ. ಜಗಳ ಬಂದಾಗ ಮಷಿನ್ ನಿಲ್ಲಿಸದೆ ಪಂಚರ ಮುಂದೆ ಕೂತು ತೀರ್ಮಾನ ಮಾಡಿಕೊಳ್ಳುವ ಹಿಲ್ಮನ್ ದಾರಿ ಶುರುವಾದದ್ದು ಅಲ್ಲಿಂದ.

1916ರ ಮೇ ದಿನದ ಮೆರವಣಿಗೆಯಲ್ಲಿ ಬೆಸ್ಸಿ, ಸಿಡ್ನಿ ಇಬ್ಬರೂ ತೋಳಿಗೆ ತೋಳು ಸೇರಿಸಿ ಎಲ್ಲರ ಮುಂದೆ ನಡೆದರು. ನಿಶ್ಚಿತಾರ್ಥದ ಸುದ್ದಿ ಸಾರಿದ್ದು ಹಾಗೆ. ಎರಡು ದಿನ ಬಿಟ್ಟು ಮದುವೆ. ಮದುವೆಯಾದ ಮೇಲೆ ಬೆಸ್ಸಿ ಯೂನಿಯನ್ನಿನ ಸಂಬಳದ ಕೆಲಸ ಬಿಟ್ಟರು, ಕೆಲಸ ಬಿಡಲಿಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಾ, 1930ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಊರೂರು ಸುತ್ತಿ ಷರ್ಟ್ ಹೊಲಿಯುವ ಹೆಂಗಸರನ್ನು ಸಂಘಟಿಸಿದರು. ಯೂನಿಯನ್ನಿನ ಉಪಾಧ್ಯಕ್ಷೆ ಅಂತ ಹುದ್ದೆ ಸಿಕ್ಕಿದ್ದು 1946ರಲ್ಲಿ, ಗಂಡ ಸತ್ತ ಮೇಲೆ. 1970ರಲ್ಲಿ ತೀರಿಕೊಳ್ಳುವ ತನಕ ಯೂನಿಯನ್ ಕೆಲಸ ಬಿಡಲಿಲ್ಲ.

ಮುಂದಿನ ಸಲ ರೂಸ್‌ವೆಲ್ಟ್ ಬಗ್ಗೆ ಕೇಳುವವರು ದಯವಿಟ್ಟು ಬೆಸ್ಸಿ ಬಗ್ಗೆಯೂ ಒಂದು ಪ್ರಶ್ನೆ ಸೇರಿಸಿ. ನನ್ನ ಹತ್ತಿರ ಹೇಳಲಿಕ್ಕೆ ಇನ್ನೂ ಇದೆ.