ಕಸ ತೆಗೆಯದಂತೆ ತಡೆಯುವ ಔಷಧಿ

ದೇಹದ ವಿಷ ತೆಗೆಯುತ್ತೇವೆಂದು ಪುಡಿ, ಕಷಾಯ ಮಾರುವವರ ಕರಪತ್ರಗಳು ಕೋಲಾರದಲ್ಲೂ ದಿನಪತ್ರಿಕೆಯೊಳಗೆ ಅಡಗಿ ಮನೆ ಸೇರುತ್ತವೆ. ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಜೀವಕೋಶ ತನ್ನ ಕಸವನ್ನು ಎಷ್ಟು ಲೆಕ್ಕಾಚಾರದಿಂದ ತಾನೇ ತೆಗೆಯುತ್ತದೆ ಎಂಬುದು ಗೊತ್ತಿದ್ದವರು ಹೀಗೆ ಬರೆಯಲಾರರು.

ಆ ಲೆಕ್ಕಾಚಾರ ನಡೆಯುವುದು ಯುಬಿಕ್ವಿಟಿನ್‌ನಿಂದ. ಬರೀ 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್ ಇದು. ನಮ್ಮ ಎಪಿಎಂಸಿಯ ಟೊಮೆಟೊ ಬಾಕ್ಸ್‌ಗಳ ಮೇಲಿನ ಚೀಟಿಯಂತೆ, ಯಾವ ಪ್ರೋಟೀನ್ ಎಲ್ಲಿಗೆ ಹೋಗಬೇಕೆಂದು ಇದು ಹೇಳುತ್ತದೆ. ಒಂದು ಯುಬಿಕ್ವಿಟಿನ್‌ನ 48ನೆಯ ಅಮೈನೋ ಆಮ್ಲಕ್ಕೆ ಇನ್ನೊಂದು, ಅದರದಕ್ಕೆ ಮತ್ತೊಂದು ಅಂಟಿ ಸರಪಳಿ ಬೆಳೆದರೆ, ಅದನ್ನು ಹೊತ್ತ ಪ್ರೋಟೀನ್ ಪ್ರೋಟಿಯಾಸೋಮ್ ಎಂಬ ಕೊಳವೆಯಾಕಾರದ ಯಂತ್ರದೊಳಗೆ ಚೂರುಚೂರಾಗುತ್ತದೆ. 63ನೆಯದಕ್ಕೆ ಅಂಟಿದರೆ ಸಾಮಾನ್ಯವಾಗಿ ನಾಶವಿಲ್ಲ. ಡಿಎನ್‌ಎ ರಿಪೇರಿಗೋ ಉರಿಯೂತಕ್ಕೋ ಕರೆ ಹೋಗುತ್ತದೆ. ಅಂಟುವ ಜಾಗ ಬದಲಾದರೆ ಸಂದೇಶವೇ ಬದಲು! ಯಾವ ಪ್ರೋಟೀನಿಗೆ ಚೀಟಿ ಎಂದು ಆರಿಸುವ ಇ3 ಕಿಣ್ವಗಳು ಮನುಷ್ಯರಲ್ಲಿ 600ಕ್ಕೂ ಹೆಚ್ಚಿವೆ. ಅವುಗಳಲ್ಲೊಂದಾದ ಪಾರ್ಕಿನ್ ಕೆಟ್ಟರೆ ಎಳೆಯ ವಯಸ್ಸಿಗೇ ಪಾರ್ಕಿನ್ಸನ್ ಕಾಯಿಲೆ ಬರಬಹುದು. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ನಮ್ಮದೇ ಇ3 ಒಂದನ್ನು ವಶಪಡಿಸಿಕೊಂಡು, ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನನ್ನೇ ನಾಶಕ್ಕೆ ಕಳುಹಿಸುತ್ತದೆ.

ಯುಬಿಕ್ವಿಟಿನ್ ಅಂಟಿಸಿ ಪ್ರೋಟೀನನ್ನು ನಾಶಮಾಡುವ ಈ ದಾರಿಯನ್ನು ಬಿಡಿಸಿಟ್ಟ ಆರನ್ ಚೆಹಾನೋವರ್, ಅವ್ರಾಮ್ ಹೆರ್ಷ್ಕೊ, ಅರ್ವಿನ್ ರೋಸ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಅದಕ್ಕೂ ಮೊದಲೇ, 2003ರಲ್ಲಿ, ಬೋರ್ಟೆಜೊಮಿಬ್ ಎಂಬ ಔಷಧಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತ್ತು. ಅದು ಮಾಡುವ ಕೆಲಸ ಕಸ ತೆಗೆಯುವುದಲ್ಲ, ಪ್ರೋಟಿಯಾಸೋಮನ್ನು ನಿಲ್ಲಿಸುವುದು. ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ನ ಕೋಶಗಳು ಎಡೆಬಿಡದೆ ಪ್ರೋಟೀನ್ ತಯಾರಿಸುತ್ತವೆ. ವಿಲೇವಾರಿ ನಿಂತರೆ ಉಳಿದ ಕೋಶಗಳಿಗಿಂತ ಬೇಗ ಅವು ತಮ್ಮ ಕಸದಲ್ಲೇ ಉಸಿರುಗಟ್ಟಿ ಸಾಯುತ್ತವೆ. ಗ್ರೀನ್ ಟೀಯಲ್ಲಿರುವ ಇಜಿಸಿಜಿ ಎಂಬ ವಸ್ತು ಈ ಔಷಧಿಗೆ ಅಂಟಿ ಅದನ್ನು ನಿಷ್ಫಲಗೊಳಿಸುವುದು 2009ರಲ್ಲಿ ಪ್ರಯೋಗಾಲಯದ ಕೋಶಗಳಲ್ಲೂ ಇಲಿಗಳಲ್ಲೂ ಕಂಡುಬಂತು. ಈ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳದೆ ಅಂಥ ಸಾರದ ಪುಡಿಗಳನ್ನು ದಯವಿಟ್ಟು ಮುಟ್ಟಬಾರದು.

ಇನ್ನು ಥಾಲಿಡೊಮೈಡ್. 1957ರಲ್ಲಿ ಜರ್ಮನಿಯಲ್ಲಿ ನಿದ್ರೆಯ ಮಾತ್ರೆಯಾಗಿ ಬಂದು, ಅದನ್ನು ನುಂಗಿದ ಗರ್ಭಿಣಿಯರ ಸಾವಿರಾರು ಶಿಶುಗಳು ಕೈಕಾಲು ಬೆಳೆಯದೆ ಹುಟ್ಟಿದ ಮೇಲೆ 1961ರಲ್ಲಿ ಮಾರುಕಟ್ಟೆಯಿಂದ ಹೋಯಿತು. ಅದು ಅಂಟುವುದು ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಎಂದು ಜಪಾನಿನ ವಿಜ್ಞಾನಿಗಳು ಕಂಡುಕೊಂಡದ್ದು 2010ರಲ್ಲಿ. ಸೆರೆಬ್ಲಾನ್ ಒಂದು ಇ3 ಸಂಕೀರ್ಣದ ಭಾಗ; ಮಾತ್ರೆ ಅಂಟಿದೊಡನೆ ಅದು ಬೇರೆಯೇ ಪ್ರೋಟೀನುಗಳನ್ನು ನಾಶಕ್ಕೆ ಆರಿಸತೊಡಗುತ್ತದೆ. ಇದೇ ವಂಶದ ಲೆನಾಲಿಡೊಮೈಡ್ ಇಂದು ಮೈಲೋಮಾದ ಮುಖ್ಯ ಔಷಧಿಗಳಲ್ಲೊಂದು. ಕ್ಯಾನ್ಸರ್ ಕೋಶ ನೆಚ್ಚಿಕೊಂಡ ಇಕಾರೋಸ್, ಐಯೋಲೋಸ್ ಪ್ರೋಟೀನುಗಳನ್ನು ಅದು ಸೆರೆಬ್ಲಾನ್‌ನ ಮೂಲಕವೇ ಅಳಿಸುತ್ತದೆ. ಗರ್ಭಿಣಿಯರಿಗೆ ಅದನ್ನು ಈಗಲೂ ಕೊಡುವಂತಿಲ್ಲ.