ಚಾಲಗೇಣಿಯ ರಾಜರು

ಸಂಜೆ ಹೊತ್ತು. ಅಂಗಳದಲ್ಲಿ ಒಣಹಾಕಿದ್ದ ಅಡಕೆಯನ್ನು ಮೂಲೆಗೆ ರಾಶಿ ಮಾಡುತ್ತಿದ್ದೆವು. ರಜೆಗೆ ಬಂದ ತಂಗಿಯ ಮಗ ಕೆಲಸ ಅರ್ಧಕ್ಕೆ ಬಿಟ್ಟು ಜಗಲಿಯಲ್ಲಿ ಮೊಬೈಲು ಹಿಡಿದು ಕೂತಿದ್ದ. ಒಮ್ಮೆಲೇ ಆ ಪುಟ್ಟ ಸ್ಪೀಕರಿನಿಂದ ಸಿಂಹದ ಗರ್ಜನೆ ಕೇಳಿಸಿತು. ಮೆಟ್ಟಿಲ ಬುಡದಲ್ಲಿ ಮಲಗಿದ್ದ ನಾಯಿ ಎದ್ದು ನಿಂತಿತು. ಕಿವಿ ನೆಟ್ಟಗಾಗಿತ್ತು, ಬೆನ್ನ ರೋಮ ನಿಮಿರಿತ್ತು. ದಾರಿಯಲ್ಲಿ ಹೋಗುವ ಬೈಕಿಗೆಲ್ಲ ಬೊಗಳುವ ನಾಯಿ ಅದು. ಆವತ್ತು ಒಂದು ಸದ್ದೂ ಮಾಡಲಿಲ್ಲ. ಅದರ ಅಜ್ಜಿ, ಮುತ್ತಜ್ಜಿ ಯಾರೂ ಸಿಂಹದ ಸ್ವರ ಕೇಳಿದವರಲ್ಲ.

"ಮಾವ, ಆರು ಸಿಂಹ ಸೇರಿ ಒಂದು ಕಾಡನ್ನೇ ಹಿಡಿದುಕೊಂಡವಂತೆ. ಎಲ್ಲ ಅಣ್ಣತಮ್ಮಂದಿರು. ಮತ್ತೆ ಆರೇಳು ವರ್ಷದಲ್ಲಿ ಒಂದೂ ಉಳಿಯಲಿಲ್ಲ. ಅಷ್ಟು ಜೋರಿದ್ದವು ಯಾಕೆ ಹಾಗಾದವು?" ಅಂತ ಕೇಳಿದ.

ಆವತ್ತು ಅರ್ಧಂಬರ್ಧ ಏನೋ ಹೇಳಿದೆ. ಸರಿಯಾಗಿ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಕಾಸರಗೋಡಿನ ಈ ಗುಡ್ಡ, ತೋಟಗಳಲ್ಲಿ ನಮಗೆ ಹೆದರಿಕೆ ಅಂದರೆ ಚಿರತೆಯದು. ಈಚಿನ ವರ್ಷಗಳಲ್ಲಿ ಮುಳಿಯಾರು, ಕಾರಡ್ಕ ಕಡೆಯವರು ಕತ್ತಲಾದ ಮೇಲೆ ಅಂಗಳಕ್ಕೆ ಇಳಿಯಲೂ ಯೋಚಿಸುವ ಹಾಗಾಗಿದೆ. ಹುಲಿಯ ನೆನಪು ಪಿಲಿಚಾಮುಂಡಿ ದೈವದಲ್ಲಿದೆ, ನವರಾತ್ರಿಯ ಹುಲಿವೇಷದಲ್ಲಿದೆ. ಸಿಂಹವನ್ನು ಮಾತ್ರ ನಾವು ನೋಡಿದ್ದು ದೇವಿಯ ವಾಹನವಾಗಿ, ಯಕ್ಷಗಾನದ ವೇಷವಾಗಿ. ಅಲ್ಲೆಲ್ಲ ಅದು ಒಂಟಿ ರಾಜ. ಕಾಡೆಲ್ಲ ಅದರದ್ದೇ ಅಂತ ನಮ್ಮ ಲೆಕ್ಕ.

ನಿಜ ಬೇರೆಯೇ ಇದೆ. ಕಾಡು ಗಂಡಿನದ್ದಲ್ಲ, ಹೆಣ್ಣುಗಳದ್ದು. ಅಜ್ಜಿ, ಅಮ್ಮ, ಚಿಕ್ಕಮ್ಮ, ಮಗಳು ಸೇರಿ ಒಂದು ಗುಂಪು. ಅದೇ ಜಾಗದಲ್ಲಿ ತಲೆಮಾರುಗಟ್ಟಲೆ ಅವು ಬದುಕುತ್ತವೆ. ಗುಂಪು ತೀರ ದೊಡ್ಡದಾದರೆ ಕೆಲವು ಹೆಣ್ಣುಗಳು ಪಕ್ಕದಲ್ಲೇ ಬೇರೆ ಸಂಸಾರ ಹೂಡುತ್ತವೆ. ನಮ್ಮಲ್ಲಿ ಅಳಿಯಸಂತಾನ ಕಟ್ಟಿನ ಮನೆಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತಲ್ವಾ, ಹಾಗೆಯೇ. ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಸೋದರಮಾವ ಮನೆಯಲ್ಲೇ ಉಳಿದು ಯಜಮಾನಿಕೆ ಮಾಡುತ್ತಿದ್ದ. ಸಿಂಹದ ಮನೆಯಲ್ಲಿ ಗಂಡುಮಕ್ಕಳು ಎರಡು, ಮೂರು ವರ್ಷಕ್ಕೇ ಹೊರಬೀಳಬೇಕು. ಹೊಸದಾಗಿ ಬಂದ ಗಂಡುಗಳು ಓಡಿಸುತ್ತವೆ, ಇಲ್ಲವೇ ತಂದೆಯೇ ಓಡಿಸುತ್ತದೆ.

ಹಾಗಾದರೆ ಗಂಡಿನ ಸ್ಥಾನ ಏನು? ಅದಕ್ಕೆ ನಮ್ಮ ಊರಿನದೇ ಒಂದು ಶಬ್ದ ಇದೆ, ಚಾಲಗೇಣಿ. ಮೂಲಗೇಣಿಯ ಒಕ್ಕಲನ್ನು ಎಬ್ಬಿಸುವ ಹಾಗಿರಲಿಲ್ಲ. ಚಾಲಗೇಣಿಯವನಿಗೆ ಆ ಭದ್ರತೆ ಇರಲಿಲ್ಲ. ಧಣಿಯ ಮನಸ್ಸು ತಿರುಗಿದರೆ, ಇನ್ನೊಬ್ಬ ಜಾಸ್ತಿ ಗೇಣಿ ಕೊಡುತ್ತೇನೆ ಅಂದರೆ, ಗಂಟುಮೂಟೆ ಕಟ್ಟಬೇಕು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿಯೇ ಹೋಯಿತು. ಆದರೂ ಆ ಹೆದರಿಕೆಯ ಮಾತು ಹಿರಿಯರ ಬಾಯಲ್ಲಿ ಇನ್ನೂ ಇದೆ. ಚಾಲಗೇಣಿಯವನು ತೆಂಗಿನ ಸಸಿ ನೆಡಲು ಹಿಂದೆಮುಂದೆ ನೋಡುತ್ತಿದ್ದ. ಕಾಯಿ ಬರುವ ಹೊತ್ತಿಗೆ ತಾನಿರುತ್ತೇನೋ ಇಲ್ಲವೋ. ಈ ವರ್ಷದ ಬೆಳೆ ಕೈಗೆ ಬಂದರೆ ಸಾಕು ಅಂತ ದುಡಿಯುತ್ತಿದ್ದ.

ಗಂಡುಸಿಂಹ ಹಾಗೆಯೇ ಬದುಕುತ್ತದೆ. ಒಂದು ಹೆಣ್ಣು ಗುಂಪಿನ ಜೊತೆ ಅದಕ್ಕೆ ಸಿಗುವ ಕಾಲ ಸಾಮಾನ್ಯವಾಗಿ ಎರಡು, ಮೂರು ವರ್ಷ. ಅಷ್ಟರಲ್ಲಿ ತನ್ನ ಮರಿಗಳು ಹುಟ್ಟಬೇಕು, ತಮ್ಮ ಕಾಲ ಮೇಲೆ ನಿಲ್ಲುವಷ್ಟು ಬೆಳೆಯಬೇಕು.

ಇದೆಲ್ಲ ಗೊತ್ತಾದದ್ದು ತೀರ ಈಚೆಗೆ. 1966ರಲ್ಲಿ ಪ್ರಾಣಿ ವಿಜ್ಞಾನಿ ಜಾರ್ಜ್ ಶಾಲರ್ ಟಾಂಜಾನಿಯಾದ ಸೆರೆಂಗೆಟಿಗೆ ಹೋಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಸಿಂಹಗಳ ಹಿಂದೆ ತಿರುಗಿದರು. ಅವರ ನಂತರ ಬಂದ ಬ್ರಯಾನ್ ಬರ್ಟ್ರಮ್, ಹೊಸ ಗಂಡುಗಳು ಬಂದ ಕೂಡಲೇ ಮರಿಗಳು ಸಾಯುವುದನ್ನು 1975ರಲ್ಲಿ ಬರೆದರು. 1978ರಿಂದ ಕ್ರೇಗ್ ಪ್ಯಾಕರ್ ಮತ್ತು ಆನ್ ಪ್ಯೂಸಿ ಆ ಕೆಲಸವನ್ನು ದಶಕಗಳ ಕಾಲ ಮುಂದುವರಿಸಿದರು. ಒಂದೊಂದು ಸಿಂಹಕ್ಕೂ ಜಾತಕ ಬರೆದಿಟ್ಟ ಹಾಗೆ ಹುಟ್ಟು, ಸಾವು, ಗಾಯ, ಸಂಬಂಧ ಎಲ್ಲ ದಾಖಲಾಯಿತು. ಮೀಸೆಯ ಬುಡದ ಕಪ್ಪು ಚುಕ್ಕೆಗಳ ಸಾಲು ನೋಡಿ ಗುರುತು ಹಿಡಿಯುತ್ತಾರೆ. ಅದು ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ.

ಮರಿ ಕೊಲ್ಲುವ ವಿಷಯ ಕೇಳಿದರೆ ಹೊಟ್ಟೆ ಕಲಸುತ್ತದೆ. ನನಗೂ ಆ ವಿಡಿಯೊಗಳನ್ನು ಪೂರ್ತಿ ನೋಡಲು ಆಗುವುದಿಲ್ಲ. ಆದರೆ ಇದು ಸಿಟ್ಟಿನ ಕೆಲಸ ಅಲ್ಲ. ಮರಿ ಇರುವ ತಾಯಿ ಸುಮಾರು ಎರಡು ವರ್ಷ ಮತ್ತೆ ಬೆದೆಗೆ ಬರುವುದಿಲ್ಲ. ಅದಕ್ಕಾಗಿ ಕಾದರೆ ಗಂಡಿನ ಗೇಣಿಯ ಅವಧಿಯೇ ಮುಗಿದು ಹೋಗುತ್ತದೆ. ಹಿಂದಿನವರ ಮರಿಗಳು ಸತ್ತರೆ ತಾಯಿ ಕೆಲವೇ ದಿನ, ವಾರಗಳಲ್ಲಿ ಬೆದೆಗೆ ಬರುತ್ತದೆ. ಹೆಣ್ಣುಗಳು ಸುಮ್ನೆ ಕೂರುವುದೂ ಇಲ್ಲ. ಒಟ್ಟಾಗಿ ಮೇಲೆ ಬಿದ್ದು ಕಾದಾಡುತ್ತವೆ, ಸ್ವಲ್ಪ ದೊಡ್ಡ ಮರಿಗಳನ್ನು ಕಟ್ಟಿಕೊಂಡು ಊರು ಬಿಡುತ್ತವೆ. ಸೆರೆಂಗೆಟಿಯಲ್ಲಿ ಕಂಡ ಇನ್ನೊಂದು ಸಂಗತಿ: ಹೊಸ ಗಂಡುಗಳ ಜೊತೆ ಕೂಡಿದರೂ ಮೊದಲ ಕೆಲವು ತಿಂಗಳು ಹೆಣ್ಣುಗಳಿಗೆ ಗರ್ಭ ನಿಲ್ಲುವುದಿಲ್ಲ. ಬಂದವರು ನಿಲ್ಲುವವರೋ ಅಲ್ಲವೋ ಅಂತ ನೋಡುವ ಕಾಲ ಅದು ಅಂತ ಸಂಶೋಧಕರ ಅಂದಾಜು.

ಇಷ್ಟು ಒತ್ತಡ ಇರುವಾಗ ಒಂಟಿ ಗಂಡಿಗೆ ಬದುಕಿಲ್ಲ. ಹಾಗಾಗಿ ಕೂಟ ಕಟ್ಟುತ್ತವೆ. ಮನೆಯಿಂದ ಹೊರಬಿದ್ದ ಅಣ್ಣತಮ್ಮಂದಿರು, ದಾಯಾದಿಗಳು ಒಟ್ಟಿಗೆ ಅಲೆಯುತ್ತಾರೆ. ಇಬ್ಬರು, ಮೂವರ ಕೂಟದಲ್ಲಿ ಎಷ್ಟೋ ಸಲ ರಕ್ತಸಂಬಂಧವೇ ಇರುವುದಿಲ್ಲ. ದಾರಿಯಲ್ಲಿ ಸಿಕ್ಕಿ ಸ್ನೇಹ ಆದವರು. ಅದಕ್ಕಿಂತ ದೊಡ್ಡ ಕೂಟಗಳು ಮಾತ್ರ ಒಂದೇ ಮನೆಯವರದ್ದು ಅಂತ 1991ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ತಿಳಿಯಿತು. ಕಾರಣವೂ ಸಿಕ್ಕಿತು. ಕೂಟ ದೊಡ್ಡದಾದಷ್ಟೂ ಮರಿಗಳೆಲ್ಲ ಒಂದಿಬ್ಬರದ್ದೇ ಆಗುತ್ತವೆ, ಉಳಿದವರಿಗೆ ಏನೂ ಇಲ್ಲ. ಅಣ್ಣನ ಮಕ್ಕಳಾದರೆ ತನ್ನ ರಕ್ತವೂ ಸ್ವಲ್ಪ ಇದೆ. ಹೊರಗಿನವನ ಮಕ್ಕಳಿಗಾಗಿ ಯಾರು ಮೈ ಹರಿದುಕೊಳ್ಳುತ್ತಾರೆ?

ಗರ್ಜನೆಯ ವಿಷಯ ನನಗೆ ತುಂಬ ಇಷ್ಟ. ಯಕ್ಷಗಾನದ ಆಟದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ಮೊದಲು ಆರ್ಭಟೆ ಕೇಳಿಸುತ್ತದೆ. ವೇಷ ಇನ್ನೂ ಕಂಡಿರುವುದಿಲ್ಲ, ಮಕ್ಕಳು ಆಗಲೇ ಅಮ್ಮನ ಸೆರಗು ಹಿಡಿದಿರುತ್ತಾರೆ. ಸಿಂಹದ ಗರ್ಜನೆಯ ಕೆಲಸವೂ ಅದೇ. ಎಂಟು ಕಿಲೋಮೀಟರ್ ದೂರಕ್ಕೂ ಅದು ಕೇಳಿಸುತ್ತದೆ. ಜಾಗ ಕೈಯಲ್ಲಿಲ್ಲದ ಅಲೆಮಾರಿ ಗಂಡುಗಳು ಸಾಮಾನ್ಯವಾಗಿ ಗರ್ಜಿಸುವುದೇ ಇಲ್ಲ, ಬಾಯಿ ಮುಚ್ಚಿಕೊಂಡು ತಿರುಗುತ್ತವೆ. 1990ರ ದಶಕದಲ್ಲಿ ಕ್ಯಾರೆನ್ ಮ್ಯಾಕೋಂಬ್ ಮತ್ತು ಜೊತೆಯವರು ಸೆರೆಂಗೆಟಿಯಲ್ಲಿ ಸ್ಪೀಕರ್ ಇಟ್ಟು ಅಪರಿಚಿತ ಹೆಣ್ಣುಸಿಂಹಗಳ ಗರ್ಜನೆ ಕೇಳಿಸಿದರು. ಒಂದರ ಸ್ವರ ಕೇಳಿದಾಗ ಅಲ್ಲಿನ ಹೆಣ್ಣುಗಳು ಸ್ಪೀಕರಿನ ಕಡೆ ನಡೆದವು. ಮೂರರ ಸ್ವರ ಕೇಳಿದಾಗ ತಾವೆಷ್ಟು ಜನ ಇದ್ದೇವೆ ಅಂತ ನೋಡಿಕೊಂಡವು, ದೂರದಲ್ಲಿದ್ದ ತಮ್ಮವರನ್ನು ಕೂಗಿ ಕರೆದವು. ಅಂದರೆ ಕಿವಿಯಿಂದಲೇ ತಲೆ ಎಣಿಸುತ್ತವೆ. 2002ರಲ್ಲಿ ಪೇಟನ್ ವೆಸ್ಟ್ ಮತ್ತು ಪ್ಯಾಕರ್ ಸಿಂಹದ ಗಾತ್ರದ ಗೊಂಬೆಗಳಿಗೆ ಬೇರೆ ಬೇರೆ ಕೇಸರ ಕಟ್ಟಿ ನಿಲ್ಲಿಸಿದ ಪ್ರಯೋಗವನ್ನು ಪ್ರಕಟಿಸಿದರು. ಹೆಣ್ಣುಗಳು ಕಪ್ಪು ಕೇಸರದ ಗೊಂಬೆಯ ಹತ್ತಿರ ಹೋದವು. ಗಂಡುಗಳು ಅದರಿಂದ ದೂರ ಸರಿದವು.

ಇನ್ನು ಆ ಆರು ಜನರ ಕಥೆ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲಿ ಸಾಬಿ ಸ್ಯಾಂಡ್ ಅನ್ನುವ ಖಾಸಗಿ ಕಾಡುಗಳ ಪ್ರದೇಶ ಇದೆ. ಸುಮಾರು 650 ಚದರ ಕಿಲೋಮೀಟರ್, ನಮ್ಮ ಕಾಸರಗೋಡು ಜಿಲ್ಲೆಯ ಮೂರರಲ್ಲಿ ಒಂದು ಪಾಲು. ಎರಡರ ನಡುವಿನ ಬೇಲಿಯನ್ನು 1993ರಲ್ಲಿ ತೆಗೆದರು. ಅಲ್ಲಿ ದಿನಾ ಜೀಪುಗಳು ತಿರುಗುತ್ತವೆ, ಹಾಗಾಗಿ ಸಿಂಹಗಳ ಬದುಕಿಗೆ ಸಾಕ್ಷಿಗಳು ಜಾಸ್ತಿ.

2006ರ ಹೊತ್ತಿಗೆ ಅಲ್ಲಿ ಆರು ಗಂಡುಗಳ ಕೂಟ ಎದ್ದಿತು. ಜನ ಮಪೋಗೊ ಅಂದರು. ಕೈಗೆ ಸಿಕ್ಕವರನ್ನು ತಾವೇ ಶಿಕ್ಷಿಸುತ್ತಿದ್ದ ಅಲ್ಲಿನ ಒಂದು ಕಾವಲು ಪಡೆಯ ಹೆಸರು ಅದು. ಹಿರಿಯವನು ಮಕುಲು. ಅವನು ಹೊರಗಿನಿಂದ ಬಂದು ಗುಂಪಿಗೆ ಸೇರಿಕೊಂಡವನು, ಉಳಿದ ಐವರು ಅದೇ ಮನೆಯಲ್ಲಿ ಹುಟ್ಟಿದವರು ಅಂತ ಅಲ್ಲಿನ ಗೈಡ್‌ಗಳು ಹೇಳುತ್ತಾರೆ. ಕೂಟದಲ್ಲಿ ಎಲ್ಲರಿಗಿಂತ ಉರಿಯುವವನು ಮಿಸ್ಟರ್ ಟಿ. ನೆತ್ತಿಯ ಮೇಲೆ ಮಾತ್ರ ಎದ್ದು ನಿಂತ ಕೇಸರ ಅವನ ಗುರುತು. ಅವನಿಗೆ ಸೈತಾನ ಅನ್ನುವ ಹೆಸರೂ ಇತ್ತು.

ಆರು ದೊಡ್ಡ ಗಂಡುಗಳು ಒಟ್ಟಿಗೆ ಬಂದರೆ ಎದುರು ನಿಲ್ಲುವವರು ಯಾರು? ಒಂದರ ನಂತರ ಒಂದು ಗುಂಪು ಅವರ ವಶಕ್ಕೆ ಬಂತು. ಗಂಡು, ಹೆಣ್ಣು, ಮರಿ ಅಂತ ನೋಡದೆ ಕೊಂದರು. ನೂರಕ್ಕೂ ಹೆಚ್ಚು ಸಿಂಹಗಳನ್ನು ಮುಗಿಸಿದರು ಅನ್ನುವ ಲೆಕ್ಕ ಎಲ್ಲ ವಿಡಿಯೊಗಳಲ್ಲೂ ಬರುತ್ತದೆ. ಆ ಸಂಖ್ಯೆಯನ್ನು ನಾನು ನಂಬುವುದಿಲ್ಲ. ಅಲ್ಲಿ ಕೂತು ಹೆಣ ಎಣಿಸಿದವರಿಲ್ಲ. ಆದರೆ ತುಂಬ ಕೊಂದರು ಅನ್ನುವುದು ಸತ್ಯ.

ಕೂಟ ಒಡೆದದ್ದು ಹೊರಗಿನವರಿಂದಲ್ಲ. ಮಿಸ್ಟರ್ ಟಿ ಮತ್ತು ಕಿಂಕಿ ಟೇಲ್ ಇಬ್ಬರೂ ಉಳಿದ ನಾಲ್ವರನ್ನು ಬಿಟ್ಟು ಪೂರ್ವಕ್ಕೆ ಹೋದರು. ಅಲ್ಲಿ ಬೇರೆ ಹೆಣ್ಣುಗಳು, ಬೇರೆ ಸಂಸಾರ. ಹೊಟ್ಟೆಗೆ ಸಾಲದ ಪಾಲಿನಿಂದ ಹಿಸ್ಸೆಯಾದ ಮನೆ ನಮ್ಮಲ್ಲಿ ಎಷ್ಟಿಲ್ಲ? 2010ರ ಜೂನ್‌ನಲ್ಲಿ ಉತ್ತರದಿಂದ ಐದು ಹೊಸ ಗಂಡುಗಳು ಬಂದವು. ಮಾಜಿಂಗಿಲಾನೆ ಅಂತ ಅವುಗಳ ಹೆಸರು. ಇವರಿಬ್ಬರು ಸೇರಿ ಆ ಐದರಲ್ಲಿ ಒಂದನ್ನು ಹೊಡೆದು ಹಾಕಿದರು. ಆಮೇಲೆ ಉಳಿದ ನಾಲ್ಕು ತಿರುಗಿ ಬಿದ್ದವು. ಕಿಂಕಿ ಟೇಲ್ ಒಬ್ಬನೇ ಸಿಕ್ಕಿಬಿದ್ದ. ಬೆನ್ನು ಮುರಿದು, ಹಿಂಗಾಲು ಎತ್ತಲಾಗದೆ, ಮುಂಗಾಲಿನಲ್ಲೇ ಹೊಡೆಯುತ್ತಿದ್ದ. ಮಿಸ್ಟರ್ ಟಿ ಬಂದ, ನೋಡಿದ. ನಾಲ್ಕರ ಎದುರು ಒಬ್ಬ. ಹಿಂದೆ ಸರಿದು ಹೋದ.

ಅಲ್ಲಿಂದ ಅವನು ಹೋದದ್ದು ಹಳೆಯ ಅಣ್ಣತಮ್ಮಂದಿರ ಬಳಿಗೇ. ಅವರು ಸೇರಿಸಿಕೊಂಡರು. ಅವನು ಮಾತ್ರ ಅವರ ಮರಿಗಳನ್ನು ಕೊಂದ. ಅಭಿಮಾನಿಗಳು ಇದಕ್ಕೆ ದ್ರೋಹ ಅನ್ನುತ್ತಾರೆ. ಅವನ ಪಾಲಿಗೆ ಅವು ತನ್ನವಲ್ಲದ ಮರಿಗಳು, ಕೈಯಲ್ಲಿ ಉಳಿದಿದ್ದ ಕಾಲ ಸ್ವಲ್ಪವೇ ಅಂತ ನಾನು ಅರ್ಥ ಮಾಡಿಕೊಳ್ಳುತ್ತೇನೆ. ನಡುವೆ ಇಬ್ಬರು ಕಾಣೆಯಾದರು. 2012ರ ಮಾರ್ಚ್‌ನಲ್ಲಿ ಸೆಲಾಟಿ ಅನ್ನುವ ನಾಲ್ಕು ಗಂಡುಗಳ ಕೂಟ ಮಿಸ್ಟರ್ ಟಿಯನ್ನು ಮುಗಿಸಿತು. ಮುದಿಯಾಗಿದ್ದ ಮಕುಲು ಮತ್ತು ಪ್ರೆಟ್ಟಿ ಬಾಯ್ ಜಾಗ ಬಿಟ್ಟು ನಡೆದರು. ಕೆಲಕಾಲ ಅಲ್ಲಿ ಇಲ್ಲಿ ಕಂಡರು, ಆಮೇಲೆ ಕಾಣಲಿಲ್ಲ.

ನಮ್ಮ ದೇಶದ ಸಿಂಹಗಳಲ್ಲೂ ಕೂಟ ಇದೆ. ಗುಜರಾತಿನಲ್ಲಿ 2020ರಲ್ಲಿ 674 ಇದ್ದ ಸಿಂಹಗಳು 2025ರ ಎಣಿಕೆಯಲ್ಲಿ 891 ಆಗಿವೆ. ಗೀರ್‌ನಲ್ಲಿ ಗಂಡುಗಳು ಹೆಣ್ಣುಗಳ ಜೊತೆ ಯಾವಾಗಲೂ ಇರುವುದಿಲ್ಲ. ಬೇಟೆ ಚಿಕ್ಕದು, ಜಿಂಕೆಯೊಂದು ಎಷ್ಟು ಬಾಯಿಗೆ ಸಾಕು? ಸ್ತೋತ್ರ ಚಕ್ರವರ್ತಿ ಮತ್ತು ಯಾದವೇಂದ್ರದೇವ ಝಾಲಾ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೂಟದ ದೊಡ್ಡವನಿಗೇ ಕೂಡುವ ಅವಕಾಶದಲ್ಲಿ ಶೇಕಡಾ 70ಕ್ಕಿಂತ ಹೆಚ್ಚು ಪಾಲು. ಊಟದಲ್ಲೂ ಅವನದೇ ಮೇಲುಗೈ. ಆದರೂ ಚಿಕ್ಕವನು ಬಿಟ್ಟು ಹೋಗುವುದಿಲ್ಲ. ಒಂಟಿಯಾದರೆ ಅಷ್ಟೂ ಇಲ್ಲ. ಅಲ್ಲಿನ ಹೆಣ್ಣುಗಳು ಇನ್ನೊಂದು ಜಾಣ್ಮೆ ಕಲಿತಿವೆ. ಅಕ್ಕಪಕ್ಕದ ಎಲ್ಲ ಕೂಟಗಳ ಗಂಡುಗಳ ಜೊತೆಗೂ ಕೂಡುತ್ತವೆ. ಮರಿ ಯಾರದೆಂದು ಗೊತ್ತಾಗದಿದ್ದರೆ ಕೊಲ್ಲಲು ಹೋಗುವವರು ಯಾರು?

ಗೀರ್‌ನ ಜಯ್ ಮತ್ತು ವೀರು ಜೋಡಿಯ ಹೆಸರು ತುಂಬ ಜನ ಕೇಳಿರಬಹುದು. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಹಿಂದಿ ಸಿನೆಮಾದ ಗೆಳೆಯರ ಹೆಸರನ್ನೇ ಅವಕ್ಕೆ ಇಟ್ಟಿದ್ದರು. 2025ರಲ್ಲಿ ಎರಡೂ ಬೇರೆ ಬೇರೆ ಕಡೆ ಇದ್ದಾಗ ಬೇರೆ ಗಂಡುಗಳು ಮೇಲೆ ಬಿದ್ದವು. ಜೂನ್‌ನಲ್ಲಿ ವೀರು ಸತ್ತ. ಜುಲೈ ಕೊನೆಗೆ, ಚಿಕಿತ್ಸೆ ನಡೆಯುತ್ತಿರುವಾಗಲೇ ಜಯ್ ಕೂಡ ಹೋದ. ಒಟ್ಟಿಗೆ ಇದ್ದಿದ್ದರೆ ಅನ್ನುವ ಮಾತು ಅಲ್ಲಿನವರ ಬಾಯಲ್ಲಿ ಇನ್ನೂ ಇರಬಹುದು.

ಮನುಷ್ಯ ಕೈ ಹಾಕಿದಾಗ ಈ ಲೆಕ್ಕ ಇನ್ನೂ ಕೆಡುತ್ತದೆ. 2015ರ ಜುಲೈಯಲ್ಲಿ ಜಿಂಬಾಬ್ವೆಯ ಹ್ವಾಂಗೆ ಉದ್ಯಾನದ ಹೊರಗೆ ಸೆಸಿಲ್ ಅನ್ನುವ ಸಿಂಹವನ್ನು ಅಮೆರಿಕದ ಬೇಟೆಗಾರನೊಬ್ಬ ಕೊಂದ. ಜಗತ್ತೆಲ್ಲ ಅತ್ತಿತು. ಸಂಶೋಧಕರ ಚಿಂತೆ ಉಳಿದ ಸಂಸಾರದ್ದಾಗಿತ್ತು. ಕೂಟದ ಒಂದು ಗಂಡು ಬಿದ್ದರೆ ಜಾಗ ಕೈತಪ್ಪಬಹುದು, ಮರಿಗಳೆಲ್ಲ ಸಾಯಬಹುದು. ಒಂದು ಬೇಟೆ, ಹಲವು ಸಾವು. ಆ ಸಲ ಸೆಸಿಲ್‌ನ ಜೊತೆಗಾರ ಜೆರಿಕೊ, ರಕ್ತಸಂಬಂಧ ಇಲ್ಲದವನು, ಓಡಿಹೋಗದೆ ಮರಿಗಳ ಜೊತೆ ನಿಂತ.

ಕೊನೆಗೆ ಅಳಿಯನಿಗೆ ನಾನೇ ಒಂದು ವಿಡಿಯೊ ಹುಡುಕಿ ತೋರಿಸಿದೆ. ಉಗಾಂಡಾದ ಕ್ವೀನ್ ಎಲಿಜಬೆತ್ ಉದ್ಯಾನ, 2024ರ ಫೆಬ್ರವರಿ, ರಾತ್ರಿ. ಜೇಕಬ್ ಮತ್ತು ಟೀಬು ಅನ್ನುವ ಅಣ್ಣತಮ್ಮಂದಿರು. ಜೇಕಬ್‌ಗೆ ಮೂರೇ ಕಾಲು, ಒಂದನ್ನು ಕಳ್ಳಬೇಟೆಯವರ ಕಬ್ಬಿಣದ ಬೋನು ತಿಂದಿದೆ. ಆ ಕಾಡಿನಲ್ಲಿ ಗಂಡುಗಳು ಜಾಸ್ತಿ, ಹೆಣ್ಣುಗಳು ಕಡಿಮೆ. ಕೆಲವೇ ಗಂಟೆಗಳ ಹಿಂದೆ ಹೆಣ್ಣುಗಳಿಗಾಗಿ ನಡೆದ ಜಗಳದಲ್ಲಿ ಇಬ್ಬರೂ ಸೋತಿದ್ದರು. ಎದುರಿಗೆ ಕಜಿಂಗಾ ಕಾಲುವೆ. ಒಂದು ಕಿಲೋಮೀಟರಿಗೂ ಹೆಚ್ಚು ಈಜಬೇಕು, ನೀರಿನ ತುಂಬ ಮೊಸಳೆ, ನೀರಾನೆ. ಮೂರು ಸಲ ಇಳಿದು ಹಿಂದೆ ಬಂದರು. ನಾಲ್ಕನೇ ಸಲ ಇಳಿದವರು ತಿರುಗಲಿಲ್ಲ. ಶಾಖ ಹಿಡಿಯುವ ಡ್ರೋನ್ ಕ್ಯಾಮೆರಾದಲ್ಲಿ ಕಾಣುವುದು ಎರಡು ಚುಕ್ಕೆಗಳು ಮಾತ್ರ, ಒಂದರ ಹತ್ತಿರ ಇನ್ನೊಂದು, ನಿಧಾನಕ್ಕೆ ಆಚೆ ದಡದ ಕಡೆಗೆ.

ಅದರಲ್ಲಿ ಗರ್ಜನೆ ಇಲ್ಲ. ನಾಯಿ ಮೆಟ್ಟಿಲ ಬುಡದಲ್ಲಿ ಮಲಗಿಯೇ ಇತ್ತು. ಅಳಿಯ ಮೊಬೈಲನ್ನು ಮುಖದ ಹತ್ತಿರ ತಂದು, ಯಾವ ಚುಕ್ಕೆ ಜೇಕಬ್‌ನದು ಅಂತ ಹುಡುಕುತ್ತಿದ್ದ.